ಬಸ್ಸಿನಲ್ಲಿ ಅಂಚು ಮುರಿದ ಗ್ಯಾಲಕ್ಸಿ

ಮುಂಜಾನೆ ಮೊಸರು ಕಡೆದೆ. ಅರಿವೆ ಒಗೆದು ಒಣಹಾಕಿದೆ. ಬದನೆಕಾಯಿ ಎಣ್ಣೆಗಾಯಿ ಮಾಡಿ, ಒಂದು ಕಾಯಿ ಹಸಿಯಾಗಿಯೇ ತೆಗೆದಿಟ್ಟೆ. ಪರಾತದಷ್ಟು ಅಗಲದ ಜೋಳದ ರೊಟ್ಟಿ ಬಡಿದು, ಎಳ್ಳು ಹಚ್ಚಿ, ನಡುವೆ ತೂತು ಮಾಡಿ, ಕಟಕಟಿ ಆಗುವ ತನಕ ಬೇಯಿಸಿದೆ.

ಆ ರೊಟ್ಟಿಯೇ ಗ್ಯಾಲಕ್ಸಿ, ಎಳ್ಳು ನಕ್ಷತ್ರ. ತೂತಿನಲ್ಲಿ ಕೂರುವ ಕರಿ ಬದನೆಕಾಯಿ ದೈತ್ಯ ಕಪ್ಪುಕುಳಿ. ಅದಕ್ಕೆ ಮೇಲೊಂದು ಕೆಳಗೊಂದು ಚುಚ್ಚಿದ ಊದಿನಕಡ್ಡಿಗಳು, ಕಪ್ಪುಕುಳಿಯ ಬಳಿಯಿಂದ ಹೆಚ್ಚುಕಡಿಮೆ ಬೆಳಕಿನ ವೇಗದಲ್ಲಿ ಚಿಮ್ಮುವ ಜೆಟ್ಟುಗಳು. ನಮ್ಮ ಮನೆಯವರು ಗೋಕಾಕದಲ್ಲಿ ವಿಜ್ಞಾನದ ಮಾಸ್ತರು. ಅಂದು ಹುಕ್ಕೇರಿಯಲ್ಲಿ, ನಿವೃತ್ತರೆದುರು, ಅದೂ ಊಟವಾದ ಮೇಲೆ, ಇದರ ಬಗ್ಗೆ ಅವರ ಭಾಷಣ. ಮೂಡಲಗಿಯಲ್ಲಿ ಇದನ್ನೇ ಹೇಳುವಾಗ ಸಾಲಿಗೆ ಸಾಲೇ ಗೊರಕೆ ಹೊಡೆದಿತ್ತು.

"ಇವತ್ತ ಒಬ್ಬರು ನಿದ್ದಿ ಹೊಡದ್ರೂ ಇನ್ನ ಮುಂದ ಭಾಷಣ ಬಂದ್," ಎಂದಿದ್ದರು ಇವರು. ಬಂದ್ ಆದರೆ ಅಷ್ಟೂ ಭಾಷಣ ಮನೆಯಲ್ಲಿ ನಾನೊಬ್ಬಳೇ ಕೇಳಬೇಕಲ್ಲ!

ಬಸ್ಸಿನಲ್ಲಿ ನನ್ನ ಬಾಜೂಕ್ಕೆ ಕಣಗಲಾ ಊರಿನ ಒಬ್ಬ ಅಜ್ಜಿ. ನನ್ನ ತೊಡೆಯ ಮೇಲಿನ ರೊಟ್ಟಿಯ ಗಂಟು ನೋಡಿ, "ಬುತ್ತಿ ಏನವಾ?" ಎಂದರು.

"ಹೂಂ, ತಗೋರಿ," ಎಂದುಬಿಟ್ಟೆ. ರೂಢಿ. ಬೇಡ ಅನ್ನುತ್ತಾರೆ ಎಂದುಕೊಂಡಿದ್ದೆ.

ಕಟಕ್!

"ಎಳ್ಳು ಕಮ್ಮಿ ಆಗ್ಯಾವ ನೋಡವಾ."

ಹುಕ್ಕೇರಿಯಲ್ಲಿ ಇವರು ಊದಿನಕಡ್ಡಿ ಹಚ್ಚಿದ್ದೇ ತಡ, ಮುಂದಿನ ಸಾಲು ಎದ್ದು ಕೈಮುಗಿಯಿತು. "ಪೂಜಾ ಅಲ್ರಿ, ಕೂಡ್ರಿ!" ಕೂತರು. ಕೂತದ್ದೇ ಮೂಲೆಯ ಕಾಕಾನ ಕಣ್ಣು ಎಳೆಯತೊಡಗಿತು.

ಅಷ್ಟರಲ್ಲಿ ಟೋಪಿಯ ಯಜಮಾನರೊಬ್ಬರು, "ಸರ, ಗ್ಯಾಲಕ್ಸಿ ಅಂಚು ಕಪ್ಪುಕುಳಿ ತಿಂತೇನ್ರಿ?" ಎಂದರು.

ಇವರು ನನ್ನ ಕಡೆ ನೋಡಿದರು. "ಬಸ್ಸಿನಾಗ ಅಜ್ಜಿ ತಿಂದ್ರು," ಎಂದೆ. ಸಭೆ ಹೋ ಎಂದು ನಕ್ಕಿತು. ಮೂಲೆಯ ಕಾಕಾ ಎಚ್ಚೆತ್ತು, "ಚಟ್ನಿ ಇತ್ತೇನ್ರಿ?" ಎಂದ.

ಟೋಪಿಯವರು ಬಿಡಲಿಲ್ಲ. "ಜೆಟ್ಟು ಎರಡಂತೀರಿ, ನೀವು ತೋರಿಸಿದ ಫೋಟೋದಾಗ ಒಂದ ಯಾಕ?"

"ನಮ್ಮ ಕಡೆ ಬರೋದರ ಬೆಳಕು ಮುಂದಕ್ಕ ಒಟ್ಟಾಗಿ ಭಾಳ ಹೊಳಿತೈತ್ರಿ. ಆ ಕಡೆ ಹೋಗೋದು ಮಬ್ಬು."

"ನಮ್ಮ ಮನಿಯಾಕಿ ಬಾಯಿನೂ ಹಂಗ. ನನ್ನ ಕಡೆ ತಿರುಗಿದ್ರ ಬೆಂಕಿ, ತವರಿನ ಕಡೆ ತಿರುಗಿದ್ರ ತಂಪು."

ಪಕ್ಕದಲ್ಲೇ ಕೂತಿದ್ದ ಅವರ ಹೆಂಡತಿ, "ಮನಿಗೆ ಬರ್ರಿ, ಎರಡೂ ಜೆಟ್ಟ ತೋರಸ್ತೇನಿ," ಎಂದರು.

ಆಮೇಲೆ ಯಾರೂ ಕಣ್ಣು ಮುಚ್ಚಲಿಲ್ಲ.

ಮನೆಗೆ ಬಂದು, ಉಳಿದ ಗ್ಯಾಲಕ್ಸಿಯನ್ನು ಎಣ್ಣೆಗಾಯಿಯ ಜೊತೆ ತಿಂದೆವು. ಊದಿನಕಡ್ಡಿಯ ವಾಸನೆ ಹೊಡೆಯುತ್ತಿತ್ತು. ಎಳ್ಳು ಖರೇನೇ ಕಮ್ಮಿ. ಹಾಸಿಗೆಯಲ್ಲಿ ಇವರು ಕೊಣ್ಣೂರಿನಲ್ಲಿ ಮಾಡಬೇಕಾದ ಭಾಷಣ ಶುರುಮಾಡಿದರು. ಕಪ್ಪುಕುಳಿಯವರೆಗೂ ಬಂದಿರಲಿಲ್ಲ, ಮೊದಲು ನಿದ್ದೆ ಹೋದವಳು ನಾನೇ.