ಮುದಿ ಕುದುರೆಯ ಹುರುಳಿ

ಹುರುಳಿ ಬೇಯುವ ವಾಸನೆ ಮಣ್ಣಿಗೂ ಮೈಬೆವರಿಗೂ ನಡುವಿನದು. ಇಂದಿರಾನಗರದ ನನ್ನ ಬೀಜದಂಗಡಿಯ ಹಿಂದಿನ ಮೆಸ್ಸಿನಲ್ಲಿ ವಾರಕ್ಕೊಮ್ಮೆ ಹುರುಳಿಕಟ್ಟಿನ ಸಾರು ಮಾಡುತ್ತಾರೆ. ಆ ಆವಿ ಕಿಟಕಿಯಿಂದ ಒಳಗೆ ಬಂತೆಂದರೆ ತಕ್ಕಡಿ ಬಿಟ್ಟು ಹೊರಗೆ ಬಂದು ನಿಲ್ಲುತ್ತೇನೆ. ಬೀಳು ಬಿದ್ದ ಹೊಲಕ್ಕೆ ಕಡಿಮೆ ಖರ್ಚಿನಲ್ಲಿ ಏನು ಚೆಲ್ಲಬೇಕೆಂದು ಬಂದವರಿಗೆ ಕೇಳದ್ದನ್ನೂ ಹೇಳಿ ಕಳಿಸುವವಳು ನಾನು. ಒಂದೇ ಕಾಳು ಬೇಡ, ಬೆರೆಸಿ. ಹೊಳಪಿಗೆ ದುಡ್ಡು ಕೊಡಬೇಡಿ. ಚೌಕಾಸಿ ಮಾಡಿ, ನನ್ನ ಹತ್ತಿರವೂ ಮಾಡಿ. ಆದರೆ ಯಾತಕ್ಕೆ ಬೇಕೆಂಬುದನ್ನು ಮಾತ್ರ ಅಂಗಡಿಯವನಿಗೆ ಸುಳ್ಳು ಹೇಳಬೇಡಿ. ಈ ಕೊನೆಯ ಮಾತನ್ನು ನನಗೆ ಕಲಿಸಿದ್ದು ದೊಡ್ಡಮ್ಮನ ಹೊಲ.

ತೊಂಬತ್ತರ ದಶಕದ ಮೊದಲ ವರ್ಷಗಳವು. ಕೃಷ್ಣರಾಜಪುರದ ನಮ್ಮ ನಾಡಹೆಂಚಿನ ಮನೆಯಲ್ಲಿ ರೈಲು ಹೋದಾಗಲೆಲ್ಲ ಗೂಡಿನ ಹಿತ್ತಾಳೆ ಲೋಟಗಳು ಸಣ್ಣಗೆ ಕಿಣಿಗುಟ್ಟುತ್ತಿದ್ದವು. ಹಿತ್ತಲ ಬಾಗಿಲು ತೆಗೆದರೆ ಇಪ್ಪತ್ತು ಗುಂಟೆ ಹೊಲ, ಅದರಾಚೆ ಒಂದು ಹೊಂಗೆ ಮರ. ನಿಮ್ಮ ಮನೆಗೂ ಅಂಥದೊಂದು ಹಿತ್ತಲ ಬಾಗಿಲಿದ್ದಿದ್ದರೆ ನಿಮಗೆ ಗೊತ್ತು: ಮನೆ ಹೋದ ಮೇಲೂ ಅದರ ಚಿಲಕದ ಸದ್ದು ಕಿವಿಯಿಂದ ಹೋಗುವುದಿಲ್ಲ. ದೊಡ್ಡಪ್ಪ ತೀರಿಕೊಂಡು ಎರಡು ವರ್ಷವಾಗಿತ್ತು, ಹೊಲ ಬೀಳು ಬಿದ್ದಿತ್ತು. ವಿಮಾನಪುರದ ಕಡೆ ಕೆಲಸದಲ್ಲಿದ್ದ ಅಪ್ಪನಿಗೆ ಅದನ್ನು ಸೈಟು ಮಾಡಿ ಮಾರುವ ಆಸೆ. ಒಂದು ಸಂಜೆ ಸೈಕಲ್ಲಿಗೆ ಸ್ಟ್ಯಾಂಡು ಹಾಕುತ್ತಲೇ ಹೇಳಿಬಿಟ್ಟ: "ಅತ್ಗೆ, ಈ ಹಿಂಗಾರಲ್ಲಿ ಹೊಲ ಹಸ್ರಾದ್ರೆ ನಿಮ್ಗೇ ಇರ್ಲಿ. ಇಲ್ಲಾಂದ್ರೆ ಸೈನ್ ಹಾಕ್ಬಿಡಿ. ಪಾರ್ಥೇನಿಯಂ ಬೆಳ್ಸೋಕಾ ಭೂಮಿ ಇರೋದು?"

ದೊಡ್ಡಮ್ಮ ಮೊರದಲ್ಲಿ ಕಾಳು ಹರಡಿ ನನಗೆ ಲೆಕ್ಕ ಒಪ್ಪಿಸಿದಳು. ರಾಗಿ ತಿಂದು ತಿಂದು ನೆಲ ಸೊರಗಿದೆ. ನಾಲ್ಕು ಪಾಲು ಹುರುಳಿ, ಎರಡು ಪಾಲು ಅಲಸಂದೆ, ಒಂದು ಪಾಲು ಹೆಸರು ಚೆಲ್ಲಿ, ಹೂ ಬಿಡುವಾಗ ಉತ್ತು ಮಣ್ಣಿಗೆ ಸೇರಿಸಿದರೆ ಮುಂಗಾರಿಗೆ ರಾಗಿ ತಾನೇ ಏಳುತ್ತದೆ. ಅವಳಿಗೆ ಮಣ್ಣಿನ ಲೆಕ್ಕ ಗೊತ್ತಿತ್ತು, ಚೌಕಾಸಿ ಬರುತ್ತಿರಲಿಲ್ಲ. ಹನ್ನೆರಡು ವರ್ಷದ ನಾನು ಒಂದು ಕಟ್ಟು ಕೊತ್ತಂಬರಿಗೆ ಕರಿಬೇವು, ಹಸಿಮೆಣಸಿನಕಾಯಿ ಎರಡನ್ನೂ ಪುಕ್ಕಟೆ ತರುತ್ತಿದ್ದವಳು. ಹಾಗಾಗಿ ಗೋಣಿಚೀಲ ನನ್ನ ಕೈಗೆ ಬಂತು.

ನಮ್ಮೂರಿನ ಬೀಜದಂಗಡಿಯ ರೇಟು ಕೇಳಿ ನಾನು ಬಸ್ಸು ಹತ್ತಿ ಶಿವಾಜಿನಗರಕ್ಕೇ ಹೋದೆ. ಜಟಕಾ ಕುದುರೆಗಳಿಗೆ ಮೇವು ಮಾರುವ ಒಂದು ಅಂಗಡಿ, ಗಡ್ಡಕ್ಕೆ ಮೆಹಂದಿ ಹಚ್ಚಿದ ಸಾಹೇಬರು. "ಕ್ಯಾ ಬೇಟಿ, ಬೀಜಕ್ಕಾ, ಮೇವಿಗಾ?" ಎಂದು ಕೇಳಿದರು. ಬೀಜಕ್ಕೆ ಎಂದರೆ ರೇಟು ಏರುತ್ತದೆಂದು ನನ್ನ ತಲೆ ಓಡಿತು.

"ಮೇವಿಗೆ. ನಮ್ದು ಜಟಕಾ ಐತೆ."

"ಯಾವ ಸ್ಟ್ಯಾಂಡು?"

"ಹಲಸೂರು."

"ಕುದ್ರೆ ಹೆಸ್ರು?"

"ರಾಜ."

"ಎಲ್ಲಾ ಕುದ್ರೆನೂ ರಾಜಾನೇ ಇಲ್ಲಿ. ಪ್ರಜೆ ನಾನೊಬ್ನೇ. ವಯಸ್ಸೆಷ್ಟು ನಿಮ್ ರಾಜಂಗೆ?"

ಮುದುಕನೆಂದರೆ ಕನಿಕರಕ್ಕೆ ಇನ್ನಷ್ಟು ಇಳಿಯುತ್ತದೆಂದು, "ಹಲ್ಲೆಲ್ಲ ಹೋಗೈತೆ ಸಾಬ್" ಎಂದೆ. ಅವರು ಅಳೆಯುತ್ತಿದ್ದ ಚೀಲ ಬಿಟ್ಟು ಒಳಗಿನಿಂದ ಬೇರೆ ಚೀಲ ಎಳೆದರು. ಹುರುಳಿ, ಅಲಸಂದೆ, ಹೆಸರು ಮೂರೂ ಮೊದಲೇ ಬೆರೆತಿದ್ದವು, ರೇಟೂ ಕಡಿಮೆ. ಯಾಕೆ ಚೀಲ ಬದಲಾಯಿಸಿದರೆಂದು ನಾನು ಕೇಳಲಿಲ್ಲ. ಗೆದ್ದವರು ಪ್ರಶ್ನೆ ಕೇಳುವುದಿಲ್ಲ.

ಉಳಿದ ದುಡ್ಡು ಕೈಗಿಟ್ಟಾಗ ದೊಡ್ಡಮ್ಮ ನನ್ನ ಕೆನ್ನೆ ಸವರಿದಳು. ಅಪ್ಪನೂ "ಇವ್ಳು ಎಲ್ಲೋದ್ರೂ ಬದುಕ್ಕೋತಾಳೆ" ಎಂದ. ದೊಡ್ಡಮ್ಮ ಒಂದು ಹಿಡಿ ಕಾಳು ಮೂಗಿಗೆ ಹಿಡಿದು ನಿಂತಳು. ಯಾವ ಬೀಜ ತಂದರೂ ಒದ್ದೆ ಗೋಣಿಯಲ್ಲಿ ಮೂರು ದಿನ ಕಟ್ಟಿಟ್ಟು ಮೊಳಕೆ ಎಣಿಸುವುದು ಅವಳ ಪದ್ಧತಿ. ಆದರೆ ಹಿಂದಿನ ರಾತ್ರಿ ಹದವಾಗಿ ಮಳೆ ಬಿದ್ದಿತ್ತು, ಮೂರು ದಿನ ಕಾದರೆ ಹದ ಆರಿಹೋಗುತ್ತಿತ್ತು. "ಬೀಜಕ್ಕೆ ಅಂತ ಹೇಳೇ ತಂದೆ ತಾನೆ ಚಿನ್ನಿ?" ಎಂದಳು. ಹೂಂ ಎಂದೆ.

ಪಕ್ಕದ ಮನೆಯಾಕೆ, ಮೊದಲ ಹಿಡಿಯನ್ನು ಮುತ್ತೈದೆಯ ಕೈಲಿ ಚೆಲ್ಲಿಸು ಎಂದು ಬೇಲಿಯಾಚೆಯಿಂದ ಬುದ್ಧಿ ಹೇಳಿದಳು. ದೊಡ್ಡಮ್ಮ ನಕ್ಕು, "ಕಾಳಿಗೇನ್ ಗೊತ್ತು ತಾಳಿ?" ಎಂದು ಸೆರಗು ಸಿಕ್ಕಿಸಿ ತಾನೇ ಇಳಿದಳು. ಅವಳ ಕೈ ಬೀಸುತ್ತಿದ್ದ ಲಯ ನನಗೆ ಇನ್ನೂ ಕಾಣುತ್ತದೆ. ನಾಲ್ಕು ಹೆಜ್ಜೆಗೆ ಒಂದು ಹಿಡಿ, ಒಂದು ಕಾಳೂ ಇನ್ನೊಂದರ ಮೇಲೆ ಬೀಳುತ್ತಿರಲಿಲ್ಲ.

ಎಂಟು ದಿನವಾದರೂ ಏನೂ ಏಳಲಿಲ್ಲ. ಹತ್ತನೆಯ ದಿನ ಅವಳು ಮಂಡಿಯೂರಿ ಬೆರಳಿನಿಂದ ಮಣ್ಣು ಕೆದಕಿದಳು. ಕಾಳು ಉಬ್ಬಿ, ಲೋಳೆಯಾಗಿ, ಹುಳಿ ನಾರುತ್ತಿತ್ತು. ಮರುದಿನ ನಾನು ಸ್ಕೂಲು ತಪ್ಪಿಸಿ ಶಿವಾಜಿನಗರಕ್ಕೆ ಓಡಿದೆ. ಸಾಹೇಬರು ಗುರುತು ಹಿಡಿದರು. ಅದು ಯಾವ ಕಾಳು ಎಂದು ಕೇಳಿದ್ದಕ್ಕೆ, "ಹಬೆಲಿ ಬೇಯ್ಸಿ ಒಣಗ್ಸಿದ್ದು ಬೇಟಿ. ಹಲ್ಲಿಲ್ದೋನು ಅಲ್ವಾ, ಅಗ್ಯೋಕೆ ಸುಲಭ. ಹೆಂಗವ್ನೆ ರಾಜ?" ಎಂದರು.

"ಚೆನ್ನಾಗವ್ನೆ" ಎಂದೆ.

ಮನೆಗೆ ಬಂದಾಗ ಅಪ್ಪ ಜಗಲಿಯಲ್ಲಿ ನಾಲ್ಕು ಜನರ ಮುಂದೆ ಕೂತಿದ್ದ. "ಮುಂಡೆ ಕೈಲಿ ಚೆಲ್ಲಿದ್ರೆ ಇನ್ನೇನ್ ಹುಟ್ತದೆ. ಗಂಡನ್ನೂ ತಿಂತು, ನೆಲಾನೂ ತಿಂತು ಆ ಕೈ." ಒಳಗೆ ದೊಡ್ಡಮ್ಮ ಒಲೆಯ ಮುಂದೆ ಕೂತು ತನ್ನ ಅಂಗೈಯನ್ನೇ ತಿರುಗಿಸಿ ತಿರುಗಿಸಿ ನೋಡುತ್ತಿದ್ದಳು. ನನ್ನ ನಾಲಿಗೆಯಲ್ಲಿ ಒಂದೇ ವಾಕ್ಯವಿತ್ತು. ಹೇಳಿದ್ದರೆ ಅಪ್ಪ ನಾಲ್ಕು ಬಾರಿಸುತ್ತಿದ್ದ, ಅಷ್ಟೇ. ಆದರೆ ಎಲ್ಲೋದ್ರೂ ಬದುಕ್ಕೋತಾಳೆ ಎನಿಸಿಕೊಂಡಿದ್ದೆ. ಅದನ್ನು ಬಿಟ್ಟುಕೊಡಲು ಮನಸ್ಸಾಗಲಿಲ್ಲ. ಅವಳು ಸೈನ್ ಹಾಕಿದಳು.

ಹೊಲದ ಹಿಂದೆಯೇ ಮನೆಯೂ ಮಾರಾಟವಾಗಿ ಹೋಯಿತು, ಹೊಂಗೆ ಮರವೂ ಹೋಯಿತು. ಅಲ್ಲೀಗ ಕಾರು ನಿಲ್ಲಿಸುವ ನೆಲಮಾಳಿಗೆ. ದೊಡ್ಡಮ್ಮ ಲಿಂಗರಾಜಪುರದ ಒಂದು ಬಾಡಿಗೆ ಕೋಣೆಯಲ್ಲಿದ್ದುಕೊಂಡು ದಿನಸಿ ಅಂಗಡಿಗೆ ಕಾಳು ಹಸನು ಮಾಡಿಕೊಡುತ್ತಿದ್ದಳು. ನಾನು ಸ್ವಂತ ಅಂಗಡಿ ತೆರೆದ ವರ್ಷ, ನಿಜ ಹೇಳಿಯೇಬಿಡಬೇಕೆಂದು ಅಲ್ಲಿಗೆ ಹೋದೆ. ಕಿಟಕಿಯಲ್ಲಿ ಒಂದು ಕುಂಡ, ಬರೀ ಮಣ್ಣು. ನಾನು ಬಾಯಿ ತೆರೆಯುವ ಮೊದಲೇ ಅವಳು ಮೆಂತ್ಯದ ಡಬ್ಬಿ ತಂದಳು. "ನೀನೇ ಚೆಲ್ಲು ಚಿನ್ನಿ. ನನ್ ಕೈಗೆ ಹುಟ್ಟಲ್ಲ. ಅದಕ್ಕೇ ಮಣ್ಣು ಹಾಕಿಟ್ಟು ನಿನ್ಗೋಸ್ಕರ ಕಾಯ್ತಿದ್ದೆ."

ಚೆಲ್ಲಿದೆ. ವಾರ ಬಿಟ್ಟು ಹೋದಾಗ ಕುಂಡದ ತುಂಬ ಹಸಿರು. ದೊಡ್ಡಮ್ಮ ನನ್ನ ಬಲಗೈಯನ್ನು ಎರಡೂ ಕೈಯಲ್ಲಿ ಹಿಡಿದು ಕಣ್ಣಿಗೆ ಒತ್ತಿಕೊಂಡಳು.

"ನೋಡಿದ್ಯಾ" ಎಂದಳು, "ಕೈಗುಣ ಅಂದ್ರೆ ಇದು."

ನಾನು ಕೈ ಎಳೆದುಕೊಳ್ಳಲಿಲ್ಲ.