ಐದನೇ ತುಂಡಿಗೆ ಒತ್ತು

ಮೊನ್ನೆ ಹೊಟ್ಟೆನೋವೆಂದು ಕೊಲ್ಹಾಪುರದ ಆಸ್ಪತ್ರೆಯೊಂದಕ್ಕೆ ಹೋಗಿದ್ದೆ. ವೈದ್ಯರ ಬಾಗಿಲ ಮೇಲಿನ ಫಲಕ ಓದಿದ್ದೇ ತಡ, ನೋವಿನ ನಡುವೆಯೂ ನಗು ಬಂತು: ಗ್ಯಾಸ್ಟ್ರೋಎಂಟರಾಲಜಿಸ್ಟ್. ಈ ಒಂದು ಶಬ್ದ ಹಿಂದೊಮ್ಮೆ ವಾರವಿಡೀ ನಮ್ಮ ಮನೆಯನ್ನು ಆಳಿತ್ತೆಂದರೆ ನೀವು ನಂಬಲಿಕ್ಕಿಲ್ಲ.

ಆಗ ನಾವು ಇಚಲಕರಂಜಿಯಲ್ಲಿದ್ದೆವು. ಅಪ್ಪನಿಗೆ ಮಗ್ಗದ ಕೆಲಸ. ನನ್ನ ಅಕ್ಕ ಶಾಂತಾ ಇದೇ ಆಸ್ಪತ್ರೆಯಲ್ಲಿ ಫೋನ್ ಎತ್ತುವ ನೌಕರಿ ಕೇಳಿ ಬಂದಿದ್ದಳು. ಡಾಕ್ಟರ ಹುದ್ದೆಯ ಹೆಸರನ್ನು ತೊದಲದೆ ಹೇಳಲು ಕಲಿತು ಸೋಮವಾರ ಬಾ ಎಂದಿದ್ದರಂತೆ ಅಲ್ಲಿನ ಮೇಡಂ. ಅಕ್ಕನದು 'ಗ್ಯಾಸ್ಟ್ರೋ' ತನಕ ಸರಾಗ; ಮುಂದೆ ನಾಲಿಗೆ ನೂಲಿನಂತೆ ಗಂಟು ಬೀಳುತ್ತಿತ್ತು. "ಗ್ಯಾಸ್ ಸಿಲಿಂಡರಿನ ಆಫೀಸಿನ್ಯಾಗ ಕೆಲಸಾ ಏನವಾ?" ಎಂದು ಅವ್ವ ಕೇಳಿದಾಗ ಅತ್ತೇಬಿಟ್ಟಳು.

ಗಡಹಿಂಗ್ಲಜದಿಂದ ಸೋದರಮಾವ ಬಂದರು. ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುವವರು. ರೊಟ್ಟಿ ಬಡಿಯುತ್ತಿದ್ದ ಅಕ್ಕನ ಎದುರು ಕೂತು, "ಅಷ್ಟುದ್ದದ್ದು ಒಮ್ಮೆಲೆ ಯಾಕ ನುಂಗ್ತಿ? ಮುರಕೋ. ಗ್ಯಾಸ್ಟ್ರೋ ಅಂದ್ರ ಹೊಟ್ಟಿ, ಎಂಟರೋ ಅಂದ್ರ ಕರಳು, ಕಡೀಕ ಇರೂದು ಅದನ್ನ ಬಲ್ಲಾಂವ ಅಂತ" ಎಂದರು. ಆಮೇಲೆ ಉಚ್ಚಾರಕ್ಕೆಂದು ಏಳು ತುಂಡು ಮಾಡಿದರು: "ಗ್ಯಾಸ್-ಟ್ರೋ-ಎನ್-ಟ-ರಾ-ಲ-ಜಿಸ್ಟ್. ನಾವು ಎಲ್ಲಾದಕ್ಕೂ ಒಂದ ತೂಕ ಹಾಕ್ತೀವಿ. ಹಂಗಲ್ಲ. ಐದನೇದಕ್ಕ, ಆ 'ರಾ'ಕ್ಕ ಒತ್ತು ಕೊಡು."

ಅಕ್ಕ ಒತ್ತು ಕೊಟ್ಟಳು, ಅಂಗೈಯಿಂದಲೂ. ರೊಟ್ಟಿ ಹರಿಯಿತು. ಆ ವಾರವೆಲ್ಲ ನಾವು ಹರಿದ ರೊಟ್ಟಿಯನ್ನೇ ತಿಂದೆವು. ಅಪ್ಪ ಮಾತ್ರ ಕೊನೆತನಕ 'ಗ್ಯಾಸ್ಟ್ರೋಬಾ' ಎಂದೇ ಅನ್ನುತ್ತಿದ್ದರು, ಯಾವುದೋ ಗುಡ್ಡದ ದೇವರನ್ನು ಕರೆದಂತೆ.

ಸೋಮವಾರ ಅಕ್ಕನ ಜೊತೆ ನಾನೂ ಹೋದೆ. ಪರೀಕ್ಷೆ ಶುರುವಾಗುವ ಮೊದಲೇ ಫೋನ್ ರಿಂಗಾಯಿತು. ಮೇಡಂ ಅದನ್ನೇ ಅಕ್ಕನ ಕೈಗಿತ್ತರು. ಅವಳು ಶಬ್ದವನ್ನು ತಪ್ಪಿಲ್ಲದೆ ಹೇಳಿದಳು, ಒತ್ತು ಸಮೇತ. ಆ ಕಡೆಯ ಹೆಂಗಸು ಎಷ್ಟು ಜೋರಾಗಿ ಮಾತಾಡಿದಳೆಂದರೆ ನನಗೂ ಕೇಳಿಸಿತು: "ಅದೆಲ್ಲಾ ತಿಳಿಯೂದಿಲ್ಲ ಯವ್ವಾ. ನಮ್ಮ ಮನಿಯವರಿಗೆ ಕರಳಿನ ತ್ರಾಸ ಐತಿ. ಡಾಕ್ಟರು ಬರೇ ಹೊಟ್ಟಿ ಅಷ್ಟ ನೋಡ್ತಾರೇನ?"

ಅಕ್ಕ ಒಂದು ಕ್ಷಣ ಕಣ್ಣು ಮುಚ್ಚಿದಳು. "ಹೊಟ್ಟಿನೂ ನೋಡ್ತಾರ್ರಿ, ಕರಳೂ ನೋಡ್ತಾರ್ರಿ. ಅವರ ಹೆಸರಿನ್ಯಾಗ ಎರಡೂ ಅದಾವು. ಕರಕೊಂಡು ಬರ್ರಿ."

ಮರಾಠಿಯ ಮೇಡಂಗೆ ಕನ್ನಡ ಬಾರದು. ಏನು ಹೇಳಿದೆಯೆಂದು ಕೇಳಿ ತಿಳಿದು ನಕ್ಕರು. "ಉದ್ಯಾಪಾಸೂನ್ ಯೇ," ನಾಳೆಯಿಂದ ಬಾ, ಎಂದರು.

ಇಷ್ಟು ನೆನೆಯುವಷ್ಟರಲ್ಲಿ ನನ್ನ ಹೆಸರು ಕೂಗಿದರು. ಕೂಗಿದವಳು ಅಕ್ಕನೇ, ಈಗ ಆ ಮೇಜಿಗೆ ಅವಳೇ ಯಜಮಾನಿ. ತಮ್ಮನೆಂದು ಸರದಿ ತಪ್ಪಿಸಿ ಮೊದಲೇನೂ ಕರೆದಿರಲಿಲ್ಲ. ನನ್ನ ಬೆವೆತ ಮುಖ ನೋಡಿ, "ಅಂಜಬ್ಯಾಡೋ, ನಮ್ಮ ಗ್ಯಾಸ್ಟ್ರೋಬಾ ಭಾಳ ಚಲೋ ಮನಶ್ಯಾ ಅದಾರ" ಎಂದಳು. ಅಂಜುತ್ತ ಬಂದಿದ್ದವನು ನಗುತ್ತಲೇ ಒಳಗೆ ಹೋದೆ.