ಎಣ್ಣೆಯ ಜೊತೆ ಮೇಲೆ ಬರುವ ನೀರು

ಗಲ್ಫಿನಲ್ಲಿ ಎಣ್ಣೆ ಫೀಲ್ಡಿನ ಕೆಲಸ ಅಂದರೆ ಊರಲ್ಲಿ, ಬಟವಾಡಿಯ ನಮ್ಮ ಬೀದಿಯವರು ಪೆಟ್ರೋಲ್ ಬಂಕ್ ಅಂದುಕೊಳ್ಳುತ್ತಾರೆ. ನಾನು ಎಣ್ಣೆ ಮುಟ್ಟುವುದೇ ಇಲ್ಲ. ನನ್ನದು ನೀರಿನ ಕೆಲಸ.

ಅಲ್ಲಿ ನೆಲದೊಳಗಿನ ಎಣ್ಣೆ ಜೋನಿಬೆಲ್ಲಕ್ಕಿಂತ ಗಟ್ಟಿ. ಪಂಪಿಗೆ ಬರುವುದಿಲ್ಲ. ಬಾಯ್ಲರಿನಲ್ಲಿ ನೀರು ಕಾಯಿಸಿ ಹಬೆಯನ್ನು ಕೆಳಗೆ ನೂಕುತ್ತಾರೆ. ಎಣ್ಣೆ ತೆಳ್ಳಗಾಗುತ್ತದೆ, ಹಬೆ ತಣಿದು ನೀರಾಗುತ್ತದೆ, ಎರಡೂ ಕಲೆತು ಮೇಲೆ ಬರುತ್ತವೆ. ಎಣ್ಣೆ ತೆಗೆದು ಉಳಿದ ನೀರನ್ನು ಮತ್ತೆ ಬಾಯ್ಲರಿಗೇ ಬಿಡಬೇಕು. ಮರಳುಗಾಡಿನಲ್ಲಿ ಬೇರೆ ನೀರು ಎಲ್ಲಿಂದ ತರುವುದು? ಆದರೆ ಅದು ಉಪ್ಪು, ಸುಣ್ಣ, ಸಿಲಿಕಾ ಎಲ್ಲ ಹೊತ್ತುಕೊಂಡು ಬಂದಿರುತ್ತದೆ. ಸಿಲಿಕಾ ಅಂದರೆ ಮರಳು. ಆ ಬಿಸಿಗೆ ಮರಳೂ ನೀರಿನಲ್ಲಿ ಕರಗುತ್ತದೆ. ಹಾಗೇ ಬಿಟ್ಟರೆ ಬಾಯ್ಲರ್ ಪೈಪಿನೊಳಗೆ ಗಾಜಿನಂತೆ ಅಂಟುತ್ತದೆ. ಶಾಖ ನೀರಿಗೆ ದಾಟದೆ ಪೈಪೇ ಸುಟ್ಟು ಒಡೆಯುತ್ತದೆ. ಅದಕ್ಕೆ ಮೆಗ್ನೀಷಿಯಂ ಆಕ್ಸೈಡ್ ಪುಡಿ ಹಾಕಿ ಸಿಲಿಕಾವನ್ನು ಕೆಸರು ಮಾಡಿ ತಳಕ್ಕೆ ಕೂರಿಸುತ್ತೇವೆ. ಏಳನೇ ಕ್ಲಾಸಿಗೆ ಸ್ಕೂಲ್ ಬಿಟ್ಟ ನನಗೆ ಗೊತ್ತಿರುವುದು ಇಷ್ಟೇ.

ಹೋದ ಸಲ ರಜೆಗೆ ಬಂದಾಗ ಸೋದರಮಾವನ ಜೊತೆ ಗುಬ್ಬಿಗೆ ಹೆಣ್ಣು ನೋಡಲು ಹೋದೆ. ಹುಡುಗಿ ನೋಡಿದ ತಕ್ಷಣ ಇಷ್ಟವಾದಳು. ಅವಳ ಅಪ್ಪನಿಗೆ ಮಾತ್ರ ನನ್ನ ಕೆಲಸ ಅರ್ಥವಾಗಲಿಲ್ಲ. ಅರ್ಥವಾಗದೆ ಮಗಳನ್ನು ಕೊಡುವ ಆಳಲ್ಲ ಅವರು. ನನ್ನನ್ನು ಸೀದಾ ಬಚ್ಚಲಿಗೆ ಕರೆದುಕೊಂಡು ಹೋಗಿ ತಾಮ್ರದ ಹಂಡೆ ತೋರಿಸಿದರು. ಕೆಳಗೆ ತೆಂಗಿನ ಮಟ್ಟೆ ಉರಿಯುತ್ತಿತ್ತು. ಒಳಗೆಲ್ಲ ಬೋರ್ ನೀರಿನ ಬಿಳಿ ಪದರ.

“ನಿಮ್ ಬಾಯ್ಲರಲ್ಲೂ ಹಿಂಗೇ ಕಟ್ಕೊಳ್ತದೇನಪ್ಪಾ?”

“ಇದು ಸುಣ್ಣ ಸಾರ್, ಹುಣಸೆಹಣ್ ಹಾಕಿದ್ರೆ ಬಿಡ್ತದೆ. ನಮ್ದು ಹುಳಿಗೆಲ್ಲಾ ಬಗ್ಗಲ್ಲ.”

ತೋರಿಸೋಣ ಅಂತ ಅಲ್ಲೇ ಇದ್ದ ಕೋಲಿನಿಂದ ಹಂಡೆಯ ತಳ ಕೆರೆದೆ. ಒಂದು ಚಕ್ಕೆ ಎದ್ದಿತು. ಜೊತೆಗೇ ಒಲೆ ಚುಸ್ ಅಂದು ಹೊಗೆ ತುಂಬಿತು.

“ಅಯ್ಯೋ, ಅದನ್ಯಾಕ್ ಕೆರೆದೆ! ಆ ಸುಣ್ಣಾನೇ ಕಣೋ ತೂತ್ ಮುಚ್ಕೊಂಡ್ ಕೂತಿದ್ದು! ನಮ್ಮನೇಲಿ ಯಾರೂ ಅದನ್ನ ಉಜ್ಜಲ್ಲ.” ಹುಡುಗಿಯ ಅಪ್ಪ ಕೂಗಿಕೊಂಡರು.

ಸೋದರಮಾವ ಓಡಿ ಬಂದ. “ಹೆಣ್ ನೋಡಕ್ ಬಂದು ಹಂಡೆ ತೂತ್ ಮಾಡ್ದೇನ್ಲಾ? ನಡಿ, ಹೋಗಣ.”

ಹುಡುಗಿಯ ಅಪ್ಪ ಕೆಮ್ಮುತ್ತಲೇ ನಕ್ಕರು. “ಬುಡಿ, ತೂತ್ ಮೊದ್ಲೇ ಇತ್ತು.” ಆಮೇಲೆ ನಗು ನಿಲ್ಲಿಸಿ ನನ್ನ ಕಡೆ ತಿರುಗಿದರು. “ನಿಮ್ ಪೈಪ್ ಒಡೆದ್ರೆ ಜನ ಸಾಯ್ತಾರೇನಪ್ಪಾ?”

ಮಾವ ನನ್ನ ಕಾಲು ತುಳಿದ.

“ಸಾಯ್ಬೋದು. ಅದಕ್ಕೇ ನೀರ್ ನೋಡ್ಕಳಕ್ಕೆ ನಮ್ನ ಇಟ್ಟಿರಾದು.”

ಮಾವ ಚಪ್ಪಲಿಯ ಕಡೆ ಹೊರಟ. ಕೆಲಸ ಕೆಟ್ಟಿತು ಅಂದುಕೊಂಡೆ. ಬಾಗಿಲ ಹತ್ತಿರ ನಿಂತಿದ್ದ ಹುಡುಗಿ ಕೇಳಿದಳು: “ನೀವು ಯಾವತ್ತಾದ್ರೂ ಸರಿಯಾಗಿ ನೋಡ್ದೆ ಹಂಗೇ ಬಿಟ್ಟಿದೀರಾ?”

“ಇಲ್ಲ. ನಾನೂ ಅಲ್ಲೇ ನಿಂತಿರ್ತೀನಲ್ಲ.”

ಅವಳು ಅಪ್ಪನ ಕಡೆ ತಿರುಗಿದಳು. “ಅಪ್ಪಾ, ಊಟಕ್ ಎಲೆ ಹಾಕ್ಲಾ?” ಅಂದಳು.

ನಮ್ಮ ಕಡೆ ಮದುವೆ ಮಾತು ಕೂಡಿ ಬರದೆ ಹೆಣ್ಣಿನ ಮನೆಯಲ್ಲಿ ಯಾರೂ ಊಟಕ್ಕೆ ಕೂರುವುದಿಲ್ಲ. ಅದು ಅವಳಿಗೂ ಗೊತ್ತು. ಮಾವ ಚಪ್ಪಲಿ ಹಾಕಿಕೊಳ್ಳುತ್ತಿದ್ದವನು ಹಾಗೇ ನಿಂತ.

ಅವಳ ಅಪ್ಪ ಹೊಗೆಗೆ ನೀರಾಡಿದ ಕಣ್ಣು ಒರೆಸಿಕೊಂಡರು.

“ಹಾಕವ್ವಾ.”